ರಕ್ತವು ಯಾರದು?

ಒಬ್ಬನು ನಮ್ಮವನೆಂದು ಹೇಳಬೇಕಾದಾಗ ಅವನನ್ನು ರಕ್ತಸಂಬಂಧಿ ಎನ್ನುತ್ತೇವೆ. ಹೊರಗಿನವನೆಂದು ಹೇಳಬೇಕಾದಾಗ ಅವನ ರಕ್ತವೇ ಬೇರೆ ಎನ್ನುತ್ತೇವೆ. ಕುಲದ ಹೆಮ್ಮೆಯೂ ಕುಲದ ತಿರಸ್ಕಾರವೂ ರಕ್ತದಲ್ಲಿಯೇ ಹರಿಯುತ್ತವೆಂಬ ಭಾವನೆಯು ನಮ್ಮ ಹಳ್ಳಿಗಳಿಂದ ಇನ್ನೂ ಹೋಗಿಲ್ಲ. ಮದುವೆಯ ಮಾತು ಬಂದಾಗ ಅದು ನಮ್ಮ ಸಭೆಗಳಲ್ಲಿಯೂ ತಲೆಯೆತ್ತುವದನ್ನು ಬಲ್ಲೆವು. ಆದಕಾರಣ ರಕ್ತವನ್ನೇ ವಿಚಾರಿಸಿ ನೋಡುವದು ನ್ಯಾಯ.

ವಿಯೆನ್ನಾ ಪಟ್ಟಣದ ವೈದ್ಯನಾದ ಕಾರ್ಲ್ ಲ್ಯಾಂಡ್‌ಸ್ಟೈನರನು ತನ್ನ ಮತ್ತು ತನ್ನ ಜೊತೆಗಾರರ ರಕ್ತವನ್ನು ತೆಗೆದು, ಒಬ್ಬನ ಕೆಂಪು ಕಣಗಳನ್ನು ಮತ್ತೊಬ್ಬನ ರಕ್ತದ ತಿಳಿದ್ರವದಲ್ಲಿ ಬೆರಸಿ ನೋಡಿದನು. ಕೆಲವು ಸರಿಯಾಗಿ ಬೆರೆತವು, ಕೆಲವು ಒಡೆದ ಹಾಲಿನಂತೆ ಗಂಟುಗಂಟಾದವು. 1901ರಲ್ಲಿ ಆತನು ಇದರ ಕಾರಣವನ್ನು ಪ್ರಕಟಿಸಿದನು. 1930ರಲ್ಲಿ ಇದಕ್ಕಾಗಿ ನೊಬೆಲ್ ಬಹುಮಾನವನ್ನು ಹೊಂದಿದನು. ಕಣದ ಮೈಮೇಲೆ ಎ, ಬಿ ಎಂಬ ಗುರುತುಗಳಲ್ಲಿ ಒಂದಾಗಲಿ, ಎರಡಾಗಲಿ ಇರುವದುಂಟು. ಎರಡೂ ಇಲ್ಲದವರು ಓ ಗುಂಪಿನವರು. ತನ್ನಲ್ಲಿಲ್ಲದ ಗುರುತುಳ್ಳ ಕಣಗಳು ಒಳಗೆ ಬಂದರೆ ಶರೀರವು ಅವುಗಳ ಮೇಲೆ ಬೀಳುವದು.

ಇಲ್ಲಿ ವಿಚಿತ್ರವೊಂದುಂಟು. ತಂದೆಯು ಎ, ತಾಯಿಯು ಬಿ ಗುಂಪಿನವರಾಗಿದ್ದರೆ ಮಕ್ಕಳು ನಾಲ್ಕರಲ್ಲಿ ಯಾವ ಗುಂಪಿಗಾದರೂ ಸೇರಬಹುದು. ಒಂದೇ ಹಾಲು ಕುಡಿದ ಅಣ್ಣನ ರಕ್ತವು ತಮ್ಮನಿಗೆ ವಿಷವಾದೀತು. ಊರಾಚೆಯ ಕೇರಿಯವನ ರಕ್ತವು ಅವನ ಪ್ರಾಣವನ್ನುಳಿಸೀತು. ಗುಂಪುಗಳೂ ಒಂದು ಭೇದವಲ್ಲವೇ ಎಂದು ಕೇಳುವವರಿರಬಹುದು. ಭೇದವೇ ಹೌದು, ಆದರೆ ಅದು ಎಲ್ಲಾ ಕುಲಗಳನ್ನೂ ಅಡ್ಡಲಾಗಿ ಹಾದುಹೋಗುತ್ತದೆ. ಅಮೇರಿಕದ ರೆಡ್ ಕ್ರಾಸ್ ಸಂಘವು 1942ರಿಂದ 1950ರ ವರೆಗೆ ಕಪ್ಪು ಜನರ ರಕ್ತವನ್ನು ಬೇರೆಯಾಗಿ ಇಡುತ್ತಿತ್ತು. ಓದಿದವರೂ ನಮಗಿಂತ ಮೇಲಲ್ಲ.

ಇರಲಿ, ರಕ್ತವು ಒಂದೇ ಆದಾಗ್ಯೂ ನನ್ನದು ನನ್ನದಲ್ಲವೇ, ಅನ್ಯನಿಗೆ ಯಾಕೆ ಕೊಡಬೇಕು? ಈ ಪ್ರಶ್ನೆಯು ಹಗುರವಾದದ್ದಲ್ಲ. ನಮ್ಮ ಮೈಯಲ್ಲಿ ಸುಮಾರು 5 ಲೀಟರ್ ರಕ್ತವುಂಟು. ದಾನದಲ್ಲಿ ಸಾಮಾನ್ಯವಾಗಿ 350 ಮಿಲಿಲೀಟರ್ ತೆಗೆಯುವರು. ನೀರಿನ ಅಂಶವು ಒಂದೆರಡು ದಿನಗಳಲ್ಲಿಯೂ ಕಣಗಳು ಕೆಲವು ವಾರಗಳಲ್ಲಿಯೂ ತುಂಬಿಬರುವವು. ಕೊಡದೆ ಇಟ್ಟುಕೊಂಡ ಕೆಂಪು ಕಣವಾದರೂ ಸುಮಾರು 120 ದಿನಗಳಲ್ಲಿ ಸತ್ತುಹೋಗುವದು. ಎಲುಬಿನ ಮಜ್ಜೆಯು ಹೊಸದನ್ನು ಹುಟ್ಟಿಸುವದು. ಹಾಗೆಂದು ಎಲ್ಲರ ಮೇಲೆ ಈ ಭಾರವನ್ನು ಹೊರಿಸಲಾಗದು. ರಕ್ತಹೀನರೂ ಗರ್ಭಿಣಿಯರೂ 45 ಕಿಲೋಗ್ರಾಮಿಗಿಂತ ಕಡಿಮೆ ತೂಕದವರೂ ಕೊಡಬಾರದು. ಅವರನ್ನು ನಾಚಿಸುವದು ಅನ್ಯಾಯ. ಬಲಾತ್ಕಾರದಿಂದ ತೆಗೆದದ್ದು ದಾನವೇ ಅಲ್ಲ.

ಆದರೆ ಬಲವಿದ್ದೂ ಜಾರುವವರ ವಿಷಯವೇನು? ಹೆರಿಗೆಯಲ್ಲಿ ಬಹಳ ರಕ್ತ ಹೋದ ಸೊಸೆಯೊಬ್ಬಳಿಗಾಗಿ ವೈದ್ಯರು ರಕ್ತ ಕೇಳಿದಾಗ, ಮನೆಯ ಗಂಡಸರು ಒಬ್ಬರಾದ ಮೇಲೊಬ್ಬರು ಹೊರಗೆ ಹೋದದ್ದನ್ನು ನಾವು ಕಂಡಿದ್ದೇವೆ. ಬೇರೆ ರೋಗಿಯನ್ನು ಕರತಂದಿದ್ದ ಗಾಡಿಯ ಚಾಲಕನು, ಮುಸಲ್ಮಾನನು, ತೋಳು ಚಾಚಿದನು. ಅವನ ಗುಂಪು ಸರಿಹೊಂದಿತು. ಕೂಸು ಈತನನ್ನು ಏನೆಂದು ಕರೆಯಬೇಕೆಂದು ಮರುದಿನ ಅತ್ತೆಯು ಕೇಳಿದಳು. ಹಾಸಿಗೆಯಲ್ಲಿದ್ದ ಬಾಣಂತಿಯು, “ಸೋದರಮಾವ ಅನ್ನಲಿ ಅತ್ತೆ,” ಅಂದಳು.