ಹಲಸೂರಿನಿಂದ ಮೂಡಣಕ್ಕೆ

ನೇರಳೆ ಮಾರ್ಗದ ಮೆಟ್ರೊ ಹಲಸೂರು ಬಿಟ್ಟು ಮೂಡಣಕ್ಕೆ ಹೊರಟರೆ, ಇಂದಿರಾನಗರ ದಾಟಿದ ಸ್ವಲ್ಪ ಹೊತ್ತಿಗೇ ಊರುಗಳ ಹೆಸರುಗಳು ಶುರುವಾಗುತ್ತವೆ. ಬೈಯಪ್ಪನಹಳ್ಳಿ, ಬೆನ್ನಿಗಾನಹಳ್ಳಿ, ಕೃಷ್ಣರಾಜಪುರ, ಸಿಂಗಯ್ಯನಪಾಳ್ಯ, ಗರುಡಾಚಾರ್‌ಪಾಳ್ಯ, ಹೂಡಿ, ಸೀತಾರಾಮಪಾಳ್ಯ, ಕುಂದಲಹಳ್ಳಿ, ನಲ್ಲೂರಹಳ್ಳಿ, ಪಟ್ಟಂದೂರು ಅಗ್ರಹಾರ. ಕಿಟಕಿಯಾಚೆ ಕಣ್ಣಿಗೆ ಬೀಳುವುದು ಗಾಜಿನ ಕಟ್ಟಡಗಳು, ಕಿವಿಗೆ ಬೀಳುವುದು ಹಳ್ಳಿ, ಪಾಳ್ಯ, ಅಗ್ರಹಾರ. ಈ ಕಡೆಯ ಹಳ್ಳಿಗಳಿಗೆಲ್ಲ ಒಬ್ಬ ಪಟೇಲ, ಒಬ್ಬ ಶಾನುಭೋಗ, ಒಂದು ಕೆರೆ, ಒಬ್ಬಳು ಊರಮ್ಮ ಇದ್ದ ಕಾಲವನ್ನು ಕಂಡವರು ನಮ್ಮ ನಡುವೆ ಇನ್ನೂ ಇದ್ದಾರೆ. ಅವರು ಇರುವಾಗಲೇ ಆಡಬೇಕಾದ ಮಾತೊಂದಿದೆ.

ಹಲಸೂರೂ ಅಂಥದೇ ಊರು. ವಿಜಯನಗರದ ಅಚ್ಯುತರಾಯ ಕೆಂಪೇಗೌಡರಿಗೆ ಹನ್ನೆರಡು ಹೋಬಳಿಗಳನ್ನು ಬಿಟ್ಟುಕೊಟ್ಟನೆಂದು ಹಳೆಯ ಗ್ಯಾಜೆಟಿಯರ್ ಹೇಳುತ್ತದೆ. ಹಳೇ ಬೆಂಗಳೂರು, ಯಲಹಂಕ, ಬೇಗೂರು, ವರ್ತೂರು, ಜಿಗಣಿ, ತಲಘಟ್ಟಪುರ, ಕೆಂಗೇರಿ, ಹೆಸರಘಟ್ಟಗಳ ಸಾಲಿನಲ್ಲಿ ಹಲಸೂರಿನ ಹೆಸರೂ ಇದೆ. ಎಲ್ಲ ಸೇರಿ ವರ್ಷಕ್ಕೆ 30,000 ವರಹದ ಹುಟ್ಟುವಳಿಯ ಸೀಮೆ. ಕೋಟೆ ಕಟ್ಟಿದ ಬೆಂಗಳೂರು ಪೇಟೆಗೆ ಬಾಗಿಲುಗಳನ್ನಿಟ್ಟಾಗ, ಈ ಊರಿನ ಕಡೆ ತೆರೆಯುವ ಬಾಗಿಲಿಗೆ ಊರಿನ ಹೆಸರೇ ಬಂತು. 1791ರ ಮಾರ್ಚ್ 7ರಂದು ಬ್ರಿಟಿಷ್ ದಂಡನಾಯಕ ಕಾರ್ನ್‌ವಾಲಿಸನ ಸೈನ್ಯ ಪೇಟೆಗೆ ನುಗ್ಗಿದ್ದು ಆ ಹಲಸೂರು ಬಾಗಿಲಿನಿಂದ. ಬಾಗಿಲು ಹೋಯಿತು, ಹೆಸರು ಪೊಲೀಸ್ ಠಾಣೆಯ ಫಲಕದ ಮೇಲೆ ಉಳಿಯಿತು. ಕೆಂಪೇಗೌಡರ ಹೆಸರಿನ ನಾಲ್ಕು ಗಡಿಗೋಪುರಗಳಲ್ಲಿ ಒಂದು ನಮ್ಮ ಕೆರೆಯ ಪಕ್ಕದ ಬಂಡೆಯ ಮೇಲೆ ಈಗಲೂ ನಿಂತಿದೆ. ಸೇನೆಯ ಆವರಣ ಹತ್ತಿರವೇ ಇರುವುದರಿಂದಲೋ ಏನೋ, ಲಾಲ್‌ಬಾಗಿನ ಗೋಪುರಕ್ಕೆ ಸಿಕ್ಕಿದಷ್ಟು ನೋಡುಗರು ಇದಕ್ಕೆ ಸಿಕ್ಕಿಲ್ಲ.

ಆಮೇಲೆ ದಂಡು ಬಂತು. ಶ್ರೀರಂಗಪಟ್ಟಣದಲ್ಲಿದ್ದ ಬ್ರಿಟಿಷ್ ಸೈನ್ಯ 1809ರ ಹೊತ್ತಿಗೆ ಹಲಸೂರಿನ ಪಕ್ಕದ ಬಯಲಿನಲ್ಲಿ ನೆಲೆಯೂರಿತು. ಸೈನ್ಯಕ್ಕೆ ಹಾಲು, ಮಾಂಸ, ಹುಲ್ಲು, ಸೌದೆ ಒದಗಿಸುವವರು, ಬಟ್ಟೆ ಒಗೆಯುವವರು, ಗಾರೆ ಕೆಲಸದವರು, ಲೇವಾದೇವಿಯವರು ಹಿಂದೆಯೇ ಬಂದರು. 1881ರಲ್ಲಿ ರಾಜ್ಯವನ್ನು ಒಡೆಯರಿಗೆ ಮರಳಿ ಕೊಟ್ಟಾಗಲೂ ಬ್ರಿಟಿಷರು ದಂಡುಪ್ರದೇಶವನ್ನು ಮಾತ್ರ ತಮ್ಮ ಬಳಿಯೇ ಇಟ್ಟುಕೊಂಡರು. ಹೀಗಾಗಿ ಹಲಸೂರಿನ ಮನೆಗಂದಾಯ ಬ್ರಿಟಿಷ್ ರೆಸಿಡೆಂಟರ ಆಡಳಿತಕ್ಕೆ, ನಾಲ್ಕು ಹರದಾರಿಯೂ ಇಲ್ಲದ ಕೃಷ್ಣರಾಜಪುರದ ಕಂದಾಯ ಮಹಾರಾಜರ ಖಜಾನೆಗೆ. ದಂಡು ಮೈಸೂರಿಗೆ ಮರಳಿದ್ದು 1947ರಲ್ಲಿ. ಎರಡು ಪುರಸಭೆಗಳು ಸೇರಿ ಒಂದೇ ಕಾರ್ಪೊರೇಷನ್ ಆದದ್ದು 1949ರಲ್ಲಿ.

ಹಲಸೂರಿನಲ್ಲಿ ತಮಿಳು ಮಾತು ದಂಡಿನ ಜೊತೆ ಬಂತೆಂದು ಬಹಳ ಜನ ನಂಬಿದ್ದಾರೆ. ಅದು ಪೂರ್ತಿ ನಿಜವಲ್ಲ. ಪಕ್ಕದ ದೊಮ್ಮಲೂರಿಗೆ ಹೋಗಿ ಚೊಕ್ಕನಾಥಸ್ವಾಮಿ ದೇವಸ್ಥಾನದ ಮೆಟ್ಟಿಲು ಹತ್ತಿ ನೋಡಿ. ಕಲ್ಲಿನ ಮೇಲೆ ತಮಿಳು ಶಾಸನಗಳಿವೆ. ಊರನ್ನು ಅವು ತೊಂಬಲೂರು ಎನ್ನುತ್ತವೆ, ದೇಶಿಮಾಣಿಕ್ಕಪಟ್ಟಣ ಎಂದೂ ಕರೆಯುತ್ತವೆ. ಅದು ಇರುವುದು ‘ಇಲೈಪ್ಪಾಕ್ಕ ನಾಡಿನಲ್ಲಿ’ ಎನ್ನುತ್ತವೆ. ಅದು ನಮ್ಮ ಯಲಹಂಕ ನಾಡು. ಚೋಳರು ಹೋಗಿ ಹೊಯ್ಸಳರು ಬಂದ ಮೇಲೂ ಇಲ್ಲಿ ದಾನಗಳನ್ನು ತಮಿಳಿನಲ್ಲಿ ಬರೆಸಿದರು. ಊರು ಮಾತ್ರ ಕನ್ನಡ ನಾಡಿನ ಊರಾಗಿಯೇ ಇತ್ತು. ಎರಡು ನುಡಿಗಳ ಬಾಳುವೆ ಈ ಮೂಡಣ ಸೀಮೆಯಲ್ಲಿ ಬ್ರಿಟಿಷರಿಗಿಂತ ಆರೇಳು ನೂರು ವರ್ಷ ಹಳೆಯದು. ಭಾಷೆಯ ಹೆಸರಿನಲ್ಲಿ ಮನಸ್ಸು ಕೆಡಿಸಿಕೊಳ್ಳುವವರು ಆ ಕಲ್ಲುಗಳ ಮುಂದೆ ಒಮ್ಮೆ ನಿಲ್ಲಬೇಕು.

ನಮ್ಮ ಸೋಮೇಶ್ವರನ ಗುಡಿಯ ತಳಪಾಯವೂ ಚೋಳರ ಕಾಲದ್ದೆಂದು ಹೇಳುತ್ತಾರೆ. ಗೋಪುರ ಮಂಟಪಗಳು ಆಮೇಲಿನವು, ವಿಜಯನಗರ ಮತ್ತು ಯಲಹಂಕದ ನಾಡಪ್ರಭುಗಳ ಕಾಲದವು. ಗೋಡೆಯ ಮೇಲೆ ಗಿರಿಜಾ ಕಲ್ಯಾಣವಿದೆ, ಕೈಲಾಸವನ್ನು ಎತ್ತಿ ಹಿಡಿದ ರಾವಣನಿದ್ದಾನೆ. ಗುಡಿಯ ಕಲ್ಯಾಣಿ ಮಣ್ಣು ತುಂಬಿ, ಮೇಲೆ ಓಡಾಡುವವರಿಗೆ ಗೊತ್ತೇ ಆಗದ ಹಾಗೆ ಮುಚ್ಚಿಹೋಗಿತ್ತು. 2010ರ ಸುಮಾರಿಗೆ ಅಗೆದು ತೆಗೆದರು. ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯುವ ಕಲ್ಲಿನ ಕೆಲಸ ಬೆಳಕಿಗೆ ಬಂದಾಗ ಹಲಸೂರಿನ ಹಳಬರೂ ಬೆರಗಾದರು.

ಇನ್ನೂ ಹಿಂದಕ್ಕೆ ಹೋದರೆ ಹೆಬ್ಬಾಳದ ಕಿತ್ತಯ್ಯನ ವೀರಗಲ್ಲು ಸಿಗುತ್ತದೆ. ಗಂಗರ ಶ್ರೀಪುರುಷನ ಕಾಲದ್ದು, ಕ್ರಿ.ಶ. 750ರ ಸುಮಾರಿನದು. ‘ಪೆರ್ಬೊಳಲ್ ನಾಡು ಮೂವತ್ತು’ ಎಂಬ ಮೂವತ್ತು ಊರಿನ ಸೀಮೆಯನ್ನು ಅದು ಹೆಸರಿಸುತ್ತದೆ. ಬೇಗೂರಿನ ಕಲ್ಲಿನಲ್ಲಿ ‘ಬೆಂಗಳೂರು’ ಎಂಬ ಹೆಸರು ಬರುವುದು 890ರ ಸುಮಾರಿಗೆ. ಕಾಡುಗೋಡಿಯ 1043ರ ಚೋಳ ಶಾಸನ ನನಗೆ ಇವೆಲ್ಲಕ್ಕಿಂತ ಹತ್ತಿರದ್ದು. ಅಲ್ಲಿ ಯುದ್ಧವಿಲ್ಲ, ಸಾವಿಲ್ಲ. ಊರಿನ ನಾಯಕನೊಬ್ಬ ಪಟ್ಟಂದೂರಿನ ಕೆರೆ ತೋಡಿಸಿ, ತೂಬು ಇಡಿಸಿ, ಗಣಪತಿ, ದುರ್ಗೆ, ಕ್ಷೇತ್ರಪಾಲರನ್ನು ನಿಲ್ಲಿಸಿದ ಸುದ್ದಿ ಇದೆ. ಸುತ್ತ ಸಾಫ್ಟ್‌ವೇರ್ ಕಚೇರಿಗಳು ಎದ್ದ ಮೇಲೂ ಪಟ್ಟಂದೂರಿನ ಕೆರೆ ಇದೆ.

ಕೆರೆಯ ಮಾತು ಬಂದ ಮೇಲೆ ಭೂಗೋಳವನ್ನೂ ಹೇಳಲೇಬೇಕು. ಬೆಂಗಳೂರು ಒಂದು ದಿಣ್ಣೆಯ ಮೇಲಿದೆ. ಪಡುವಣಕ್ಕೆ ಬಿದ್ದ ಮಳೆ ವೃಷಭಾವತಿ, ಅರ್ಕಾವತಿ ಹಿಡಿದು ಕಾವೇರಿಗೆ ಹೋಗುತ್ತದೆ. ಹಲಸೂರಿನ ಕಡೆ ಬಿದ್ದ ಮಳೆಯ ದಾರಿಯೇ ಬೇರೆ. ಹಲಸೂರು ಕೆರೆ ತುಂಬಿ ಹರಿದ ನೀರು ಬೆಳ್ಳಂದೂರಿಗೆ, ಬೆಳ್ಳಂದೂರಿನ ನೀರು ವರ್ತೂರಿಗೆ, ವರ್ತೂರಿನದು ದಕ್ಷಿಣ ಪಿನಾಕಿನಿಗೆ ಸೇರಿ ತಮಿಳುನಾಡಿನ ಮೂಲಕ ಬಂಗಾಳ ಕೊಲ್ಲಿ ತಲುಪುತ್ತದೆ. ಈ ಸರಣಿಯ ಮೇಲೆಯೇ ಊರುಗಳು ಕೂತವು. ಏರಿ, ತೂಬು, ಕೋಡಿ, ಕೆಳಗೆ ಅಚ್ಚುಕಟ್ಟಿನ ಗದ್ದೆ, ಪಕ್ಕದಲ್ಲಿ ಎತ್ತರದ ಗ್ರಾಮಠಾಣ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕೆಂದು ನೋಡಿಕೊಳ್ಳುವವನು ನೀರಗಂಟಿ. ಅವನು ಊರಿನ ನೌಕರ, ಊರಿನ ಕಣ್ಣು. ವಂಶಪಾರಂಪರ್ಯದ ಗ್ರಾಮಾಧಿಕಾರ 1963ರಲ್ಲಿ ರದ್ದಾದಾಗ ಪಟೇಲ, ಶಾನುಭೋಗರ ಜೊತೆ ನೀರಗಂಟಿಯ ಕಾಲವೂ ಮುಗಿಯಿತು. ದಬ್ಬಾಳಿಕೆಯ ಹುದ್ದೆಗಳು ಹೋದದ್ದು ಒಳ್ಳೆಯದೇ. ಆದರೆ ನೀರಿನ ದಾರಿ ಬಲ್ಲವನ ಅರಿವನ್ನು ಯಾರೂ ಬರೆದಿಟ್ಟುಕೊಳ್ಳಲಿಲ್ಲ.

ಬರೆದಿಟ್ಟದ್ದು ಒಂದಿದೆ, ಗ್ರಾಮ ನಕಾಶೆ. ಸರ್ವೆ ಇಲಾಖೆಯ ಈ ಹಾಳೆಗಳು ಈಗ ಅಂತರ್ಜಾಲದಲ್ಲಿ ಸಿಗುತ್ತವೆ, ಯಾರು ಬೇಕಾದರೂ ತೆಗೆದು ನೋಡಬಹುದು. ಸರ್ವೆ ನಂಬರುಗಳ ಗೆರೆಗಳ ನಡುವೆ ಕೆರೆಯ ಅಂಗಳ, ಅದಕ್ಕೆ ಬಂದು ಸೇರುವ ಹಳ್ಳ, ಹೊರಡುವ ರಾಜಕಾಲುವೆ, ಬಂಡಿದಾರಿ, ಗುಂಡುತೋಪು, ಮನೆಗಳ ಗುಂಪು. ಕೈಬರಹದ ಕನ್ನಡದಲ್ಲಿ ಪಕ್ಕದ ಊರುಗಳ ಹೆಸರು. 2022ರ ಸೆಪ್ಟೆಂಬರಿನ ಮಳೆಯಲ್ಲಿ ಬೆಳ್ಳಂದೂರಿನ ಸುತ್ತ ಹೊರವರ್ತುಲ ರಸ್ತೆ ಮುಳುಗಿ, ಜನ ಟ್ರ್ಯಾಕ್ಟರ್ ಹತ್ತಿ ಕಚೇರಿಗೆ ಹೋದರಲ್ಲ, ಆ ವಾರ ಈ ಹಾಳೆಗಳನ್ನು ಬಿಡಿಸಿ ನೋಡಿದವರಿಗೆ ನೀರು ನಿಂತ ಜಾಗದ ಬಗ್ಗೆ ಅಷ್ಟೇನೂ ಆಶ್ಚರ್ಯವಾಗಿರಲಾರದು.

ಅಳತೆಯ ವಿಷಯದಲ್ಲಿ ಈ ಸೀಮೆಗೆ ಇನ್ನೊಂದು ಹೆಗ್ಗಳಿಕೆ ಇದೆ. 1800ರ ಕೊನೆಯ ತಿಂಗಳುಗಳಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಸೈನ್ಯಾಧಿಕಾರಿ ಕೃಷ್ಣರಾಜಪುರದ ಬಳಿಯಿಂದ ಅಗರದವರೆಗೆ ಉಕ್ಕಿನ ಸರಪಳಿ ಹಾಸಿ ಸುಮಾರು ಏಳೂವರೆ ಮೈಲಿ ಉದ್ದದ ಆಧಾರರೇಖೆ ಅಳೆದ. 1802ರಲ್ಲಿ ಮದ್ರಾಸಿನ ಬಳಿ ಆರಂಭವಾಗಿ ಹಿಮಾಲಯದವರೆಗೆ ಹೋದ ಮಹಾ ತ್ರಿಕೋನಮಿತಿ ಸರ್ವೆಗೆ ಇಲ್ಲೇ ತಾಲೀಮು ನಡೆದದ್ದು. ಆದರೆ ಅವನ ಸರಪಳಿ ಬರುವ ಹೊತ್ತಿಗೆ ಊರುಗಳು ಇದ್ದವು. ಮೊದಲು ಊರು, ಆಮೇಲೆ ಗೆರೆ.

ಅದೇ ಕಾಲದಲ್ಲಿ ಅಮೆರಿಕದ ಒಳನಾಡಿನಲ್ಲಿ ನಡೆದದ್ದು ಇದರ ತಿರುವುಮುರುವು. 1785ರ ಭೂಕಾಯಿದೆಯ ಪ್ರಕಾರ ಒಹಾಯೊದಿಂದ ಪಶ್ಚಿಮಕ್ಕೆ ನೆಲವನ್ನು ಆರು ಮೈಲಿ ಅಗಲ, ಆರು ಮೈಲಿ ಉದ್ದದ ಚೌಕಗಳಾಗಿ ಗೆರೆ ಹಾಕಿದರು. ಪ್ರತಿ ಚೌಕದಲ್ಲಿ 36 ತುಂಡು, ತುಂಡಿಗೆ 640 ಎಕರೆ, ಹದಿನಾರನೆಯ ತುಂಡು ಶಾಲೆಗೆ. ಮೊದಲು ಗೆರೆ, ಆಮೇಲೆ ಊರು. ಗೆರೆಯ ಕೆಳಗೆ ಇದ್ದ ಮಯಾಮಿ, ಸಾಕ್, ಮೆಸ್ಕ್ವಾಕಿ ಎಂಬ ಮೂಲನಿವಾಸಿಗಳ ಊರುಗಳನ್ನು ಲೆಕ್ಕಕ್ಕೇ ಇಡಲಿಲ್ಲ ಎಂಬುದನ್ನು ಮರೆಯಬಾರದು. ಆದರೂ ಆ ಗೆರೆಗಳ ಮೇಲೆ ಎದ್ದ ಕೌಂಟಿಗಳ, ಎಂದರೆ ಜಿಲ್ಲೆಗಳ, ಜನ ಒಂದು ಕೆಲಸ ಮಾಡಿದರು. ದೇಶಕ್ಕೆ ನೂರು ತುಂಬಿದ 1876ರಲ್ಲಿ ಪ್ರತಿ ಊರೂ ತನ್ನ ಚರಿತ್ರೆ ಬರೆದಿಡಲಿ ಎಂದು ಅಲ್ಲಿನ ಸಂಸತ್ತು ಕರೆ ಕೊಟ್ಟಿತು. ಮುಂದಿನ ದಶಕಗಳಲ್ಲಿ ನೂರಾರು ಕೌಂಟಿ ಚರಿತ್ರೆಗಳು ಅಚ್ಚಾದವು. ಮೊದಲ ಗಿರಣಿ ಯಾರದು, ಅಂಚೆ ಕಚೇರಿ ಯಾವ ಮನೆಯಲ್ಲಿತ್ತು, ರೈಲು ಬಾರದೆ ಯಾವ ಊರು ಬರಿದಾಯಿತು, ಎಲ್ಲವೂ ಅದರಲ್ಲಿದೆ. ನಾಲ್ಕು ಮನೆ, ಒಂದು ಸ್ಮಶಾನ ಮಾತ್ರ ಉಳಿದ ಊರಿಗೂ ಅಲ್ಲಿ ಎರಡು ಪುಟ ಸಿಕ್ಕಿದೆ. ಆ ಎರಡು ಪುಟದ ಬಗ್ಗೆ ನನಗೆ ಹೊಟ್ಟೆಕಿಚ್ಚಿದೆ.

ನಮ್ಮಲ್ಲೂ ಕಾಗದದ ಮೇಲೆ ಮೊದಲು ಹುಟ್ಟಿದ ಊರು ಒಂದಿದೆ. ಡಿ.ಎಸ್. ವೈಟ್ ಕಟ್ಟಿದ ಯುರೇಷಿಯನ್ನರ ಸಂಘಕ್ಕೆ ಚಾಮರಾಜ ಒಡೆಯರು 1882ರಲ್ಲಿ 3,900 ಎಕರೆ ಕೊಟ್ಟರು. ವೃತ್ತಾಕಾರದ ಬಯಲಿನ ಸುತ್ತ ನಿವೇಶನ ಹಂಚಿ ವೈಟ್‌ಫೀಲ್ಡ್ ಮಾಡಿದರು. ಅದರ ಕಥೆ ಇಂಗ್ಲಿಷಿನಲ್ಲಿ ಮತ್ತೆ ಮತ್ತೆ ಬಂದಿದೆ. ಅದಕ್ಕಿಂತ ಎಂಟು ಶತಮಾನ ಹಳೆಯದಾದ, ಕೂಗಳತೆಯ ಪಟ್ಟಂದೂರಿನ ಕಥೆಯನ್ನು ಅಷ್ಟು ಅಕ್ಕರೆಯಿಂದ ಬರೆದವರು ಕಡಿಮೆ.

ಕಲ್ಲಿನ ಬರಹಕ್ಕೆ ಒಳ್ಳೆಯವರು ಸಿಕ್ಕಿದ್ದಾರೆ. ಬಿ.ಎಲ್. ರೈಸ್ ಬೆಂಗಳೂರು ಜಿಲ್ಲೆಯ ಶಾಸನಗಳನ್ನು ‘ಎಪಿಗ್ರಾಫಿಯ ಕರ್ನಾಟಿಕ’ದ ಒಂಬತ್ತನೆಯ ಸಂಪುಟದಲ್ಲಿ 1905ರಲ್ಲೇ ಕೊಟ್ಟರು. ಹಯವದನರಾಯರ ಗ್ಯಾಜೆಟಿಯರ್ ಬಂತು. ಈಗ ಮಿಥಿಕ್ ಸೊಸೈಟಿಯವರು ಚರಂಡಿ ಪಕ್ಕ, ಕಾಂಪೌಂಡ್ ಗೋಡೆಯ ಬುಡದಲ್ಲಿ ಬಿದ್ದ ಕಲ್ಲುಗಳನ್ನೂ ಹುಡುಕಿ ಮೂರು ಆಯಾಮದ ಪ್ರತಿ ತೆಗೆಯುತ್ತಿದ್ದಾರೆ. ಆದರೆ ಕಲ್ಲಿನಲ್ಲಿ ಬರೆಸುವ ಶಕ್ತಿ ಎಲ್ಲರಿಗೂ ಇರಲಿಲ್ಲ. ತೂಬು ಇಡಿಸಿದವನ ಹೆಸರು ಕಲ್ಲಿನ ಮೇಲಿದೆ, ಮಣ್ಣು ಹೊತ್ತವರದಿಲ್ಲ. ಊರ ಹಬ್ಬದಲ್ಲಿ ತಂಬಿಟ್ಟಿನ ಆರತಿ ಮೊದಲು ಯಾರ ಮನೆಯಿಂದ ಹೊರಡಬೇಕು, ತಮಟೆ ಯಾರದು, ಕೆರೆಗೆ ಬಾಗಿನ ಯಾರದು ಎಂಬುದು ಬಾಯಿಂದ ಬಾಯಿಗೆ ಮಾತ್ರ ಬಂದಿದೆ.

ಹಳೆಯ ಊರು ಎಲ್ಲಿ ಉಳಿದಿದೆ ಎಂದು ನೋಡಬೇಕಾದರೆ ಇಂದಿರಾನಗರದ ಪಕ್ಕದ ಕೋಡಿಹಳ್ಳಿಯ ಒಳಕ್ಕೆ ಒಮ್ಮೆ ಕಾಲಿಡಿ. ಅಗಲವಾದ ಬಡಾವಣೆ ರಸ್ತೆ ತಟ್ಟನೆ ಕಿರಿದಾಗಿ, ತಿರುವು ಮುರುವಾಗಿ, ಮನೆಗಳ ಬಾಗಿಲುಗಳು ನೇರ ರಸ್ತೆಗೆ ತೆರೆದುಕೊಳ್ಳುತ್ತವೆ. ಅಲ್ಲಿಂದ ಊರು ಶುರು. ಸುತ್ತಲಿನ ಹೊಲಗದ್ದೆಗಳು ನಿವೇಶನಗಳಾದವು, ಮನೆ ಇದ್ದ ಗ್ರಾಮಠಾಣ ಇದ್ದ ಹಾಗೆಯೇ ಉಳಿಯಿತು. ಹಬ್ಬದ ದಿನ ಇದು ಇನ್ನೂ ಚೆನ್ನಾಗಿ ತಿಳಿಯುತ್ತದೆ. ಹಲಸೂರಿನ ಸೋಮೇಶ್ವರನ ತೇರಿನ ಕಾಲಕ್ಕೆ ಸುತ್ತಲಿನ ಗುಡಿಗಳಿಂದ ಹೂವಿನ ಪಲ್ಲಕ್ಕಿಗಳು ರಾತ್ರಿಯಿಡೀ ಬಂದು ಬಜಾರ್ ಬೀದಿಯಲ್ಲಿ ಸೇರುತ್ತವೆ. ಪಲ್ಲಕ್ಕಿ ಹಿಡಿಯುವ ದಾರಿ, ನಿಲ್ಲುವ ಕಟ್ಟೆ, ಮರ್ಯಾದೆ ಪಡೆಯುವ ಮನೆ, ಎಲ್ಲದಕ್ಕೂ ಕ್ರಮವಿದೆ. ಕಾಗದದಲ್ಲಿಲ್ಲದ ಊರುಗಳ ಸಂಬಂಧ ಆ ರಾತ್ರಿ ಬೀದಿಯಲ್ಲಿ ಕಾಣಿಸುತ್ತದೆ.

2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿ ಬೆಂಗಳೂರಿಗೆ ಸೇರಿದವು. 2025ರ ಸೆಪ್ಟೆಂಬರಿನಲ್ಲಿ ಅದೇ ಬೆಂಗಳೂರು ಐದು ಪಾಲಿಕೆಗಳಾಯಿತು. ಪ್ರತಿ ಸಲ ವಾರ್ಡಿನ ಗಡಿ ಬದಲಾಗುತ್ತದೆ, ಹೆಸರೂ ಬದಲಾಗುತ್ತದೆ. ಊರಿಗೊಂದು ನೂರು ಪುಟದ ಪುಸ್ತಕ ಬೇಕು, ಅದನ್ನು ಆ ಊರಿನವರೇ ಬರೆಯಬೇಕು ಎಂದು ನಾನು ಬಲವಾಗಿ ನಂಬುವುದು ಇದಕ್ಕೇ. ಕೆರೆಯ ತೂಬು ಎಲ್ಲಿತ್ತು, ಕೊನೆಯ ನೀರಗಂಟಿ ಯಾರು, ಗುಂಡುತೋಪಿನಲ್ಲಿ ಯಾವ ಮರಗಳಿದ್ದವು, ಯಾವ ಮನೆತನ ಯಾವ ಸೀಮೆಯಿಂದ ಬಂತು, ಜಮೀನು ಬಿಡಿಸಿಕೊಂಡಾಗ ಯಾರಿಗೆ ಏನು ಸಿಕ್ಕಿತು, ಯಾರಿಗೆ ಸಿಗಲಿಲ್ಲ. ಶಾಲೆಯ ಮೇಷ್ಟರು, ಗುಡಿಯ ಅರ್ಚಕರು, ಮೊಬೈಲಿನಲ್ಲಿ ಅಜ್ಜಿಯ ಮಾತು ದಾಖಲಿಸಿಕೊಳ್ಳಬಲ್ಲ ಕಾಲೇಜು ಹುಡುಗಿಯರು ಸೇರಿದರೆ ಒಂದು ವರ್ಷದ ಕೆಲಸ.

ಬಿನ್ನಮಂಗಲದಿಂದ ಶುರುವಾಗಲಿ ಎಂದು ನನ್ನ ಆಸೆ. ಇಂದಿರಾನಗರ ಎದ್ದದ್ದು ಬಹುಪಾಲು ಅದರ ನೆಲದ ಮೇಲೆ. ಹಳೆಯ ಕ್ರಯಪತ್ರಗಳಲ್ಲಿ ‘ಬಿನ್ನಮಂಗಲ ಮೊದಲನೇ ಹಂತ’ ಎಂದು ಇಂದಿಗೂ ಇದೆ, ಅದೇ ರಸ್ತೆಯಲ್ಲಿ ಮನೆ ಮಾಡಿದವರಿಗೆ ಅದೊಂದು ಊರೆಂದು ಗೊತ್ತಿಲ್ಲ. ಅಲ್ಲಿ ಉತ್ತ ನೆಲವನ್ನು ಬಲ್ಲ ಹಿರಿಯರಿಗೆ ಈಗ ಎಂಬತ್ತರ ಮೇಲಾಗಿದೆ.