ಕಟ್ಟಿದವರು ಯಾರು?

ಏಳನೆಯ ತರಗತಿಗೆ ಯಂತ್ರಗಳ ಪಾಠವಿತ್ತು. ಮಕ್ಕಳನ್ನು ನಮ್ಮ ಇಟಗಿಯ ಮಹಾದೇವ ಗುಡಿಗೇ ಕರೆದೊಯ್ದೆ. ಬಳಪದ ಕಲ್ಲು ಮೆತ್ತಗಿರುತ್ತದೆ. ಅದನ್ನು ತಿರುಗಿಸುತ್ತ ಉಳಿ ಒತ್ತಿ ಕಡೆದ ಕಂಬಗಳಿವು, ಇಂದಿನ ಲೇತಿನಲ್ಲಿ ಮಾಡುವಂತೆ. ಕಂಬದ ಸುತ್ತ ಬಳೆ ತೊಡಿಸಿದಂಥ ಗೆರೆಗಳು. ಹುಡುಗಿಯರು ಬೆರಳಾಡಿಸಿ ನೋಡಿದ್ದೇ ನೋಡಿದ್ದು!

ಪರೀಕ್ಷೆಯಲ್ಲಿ "ಈ ಗುಡಿ ಕಟ್ಟಿದವರು ಯಾರು?" ಎಂದು ಕೇಳಿದೆ. 1112ರಲ್ಲಿ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದನೆಂದು ಶಾಸನವಿದೆ. ಒಬ್ಬಳು "ಕಂಬ ಕಡೆದವರು" ಎಂದು ಬರೆದಿದ್ದಳು. ಸೊನ್ನೆ ಹಾಕಿದೆ.

"ಅಕ್ಕೋರ, ನೀವ ತೋರಿಸಿದ್ರಲ್ರೀ?" ಎಂದಳು.

ಕಟ್ಟಿಸಿದವರೆಂದು ಕೇಳದ ತಪ್ಪು ನನ್ನದೇ. ನಮ್ಮ ಮನೆಯ ಬಾಗಿಲ ಮೇಲೂ ಯಜಮಾನರ ಹೆಸರಿದೆ. ಗೌಂಡಿಯ ಹೆಸರು ನನಗೇ ನೆನಪಿಲ್ಲ. ಅವಳಿಗೆ ಪೂರ್ಣ ಅಂಕ ಕೊಟ್ಟೆ. ಮಹಾದೇವ ಎಂದು ಬರೆದ ಉಳಿದವರ ಅಂಕ ಕಳೆಯಲು ಮಾತ್ರ ಧೈರ್ಯ ಬರಲಿಲ್ಲ.