ತಟ್ಟೆಗೆ ಕರೆದಿದ್ದಾರೆ, ಬ್ಯಾಗಿಗಲ್ಲ

ವಾಕ್ಯಭಾಗ: ಧರ್ಮೋಪದೇಶಕಾಂಡ 23:24-25, ರೂತಳು 2:14-18



ಯೂತ್ ಮೀಟಿಂಗ್‌ನಲ್ಲಿ ನೀವು ಚೀಟಿಯಲ್ಲಿ ಬರೆದು ಹಾಕಿದ ಪ್ರಶ್ನೆಗಳಲ್ಲಿ ಒಂದನ್ನ ಇವತ್ತು ತಗೊಂಡಿದ್ದೀನಿ. ಹೆಸರು ಬರೆದಿಲ್ಲ, ಬರೆಯೋದೂ ಬೇಡ. ಪ್ರಶ್ನೆ ಇದು: ಹೋಟೆಲ್‌ನಲ್ಲಿ ರೂಮ್ ಜೊತೆಗೇ ಬೆಳಗಿನ ತಿಂಡಿ ಬಫೆ ಇರುತ್ತೆ. ಅಲ್ಲಿಂದ ಎರಡು ಬೇಯಿಸಿದ ಮೊಟ್ಟೆ, ಬಾಳೆಹಣ್ಣು, ನಾಲ್ಕು ಮಫಿನ್ ಮಧ್ಯಾಹ್ನಕ್ಕೆ ಅಂತ ಬ್ಯಾಗಿಗೆ ಹಾಕ್ಕೊಂಡ್ರೆ ಅದು ಕಳ್ಳತನವಾ? ದುಡ್ಡು ಕೊಟ್ಟಿರ್ತೀವಲ್ಲ?

ಕೆಲವರು ನಗ್ತಾ ಇದ್ದೀರಿ. ಒಂದು ಬಾಳೆಹಣ್ಣಿಗೆ ಇಡೀ ಪ್ರಸಂಗ ಬೇಕಾ ಅಂತ ಅನಿಸ್ತಿರಬಹುದು. ಬೇಕು. ಯಾಕೆ ಗೊತ್ತಾ? ಕೋಟಿಗಟ್ಟಲೆ ಮೋಸ ಮಾಡೋ ಅವಕಾಶ ನಮ್ಮಲ್ಲಿ ಬಹಳ ಜನಕ್ಕೆ ಜೀವನದಲ್ಲಿ ಒಮ್ಮೆಯೂ ಸಿಗಲ್ಲ. ಸಿಗೋದು ಇಂಥದ್ದೇ. ಯಾರೂ ನೋಡದ, ಯಾರೂ ಕೇಳದ, ಹತ್ತಿಪ್ಪತ್ತು ರೂಪಾಯಿ ಬಾಳುವ ವಿಷಯ. ಸ್ವಲ್ಪದರಲ್ಲಿ ನಂಬಿಗಸ್ತನಾದವನ ಬಗ್ಗೆ ಯೇಸು ಸ್ವಾಮಿ ಲೂಕ 16ರಲ್ಲಿ ಮಾತಾಡಿದ್ದು ಇದಕ್ಕೇ.

ಈ ಪ್ರಶ್ನೆಗೆ ಸತ್ಯವೇದದಲ್ಲಿ ಉತ್ತರ ಇದೆಯಾ? ಇದೆ, ಅದೂ ಬಹಳ ಹತ್ತಿರದ್ದು. ಧರ್ಮೋಪದೇಶಕಾಂಡ 23ರ ಕೊನೆಯ ಎರಡು ವಚನ ನೋಡಿ. ನೆರೆಯವನ ದ್ರಾಕ್ಷಿತೋಟಕ್ಕೆ ಹೋದವನು ಹೊಟ್ಟೆ ತುಂಬುವಷ್ಟು ತಿನ್ನಬಹುದು, ಆದರೆ ಪಾತ್ರೆಗೆ ತುಂಬಿಕೊಳ್ಳುವಂತಿಲ್ಲ. ಪೈರಿನ ಹೊಲಕ್ಕೆ ಹೋದವನು ಕೈಯಿಂದ ತೆನೆ ಕೀಳಬಹುದು, ಆದರೆ ಕುಡುಗೋಲು ಹಾಕುವಂತಿಲ್ಲ.

ಇಲ್ಲಿ ಎರಡು ಮಾತಿದೆ. ನಾವು ಬೇಗ ಎರಡನೇದಕ್ಕೆ ಓಡ್ತೀವಿ. ಮೊದಲನೇದನ್ನ ಕೇಳಿಸಿಕೊಳ್ಳಿ: ಹೊಟ್ಟೆ ತುಂಬುವಷ್ಟು ತಿನ್ನು! ಎಷ್ಟು ಗೊಂಚಲು ಅಂತ ಲೆಕ್ಕ ಇಟ್ಟಿಲ್ಲ. ಒಬ್ಬನ ಹಸಿವು ಎರಡು ಗೊಂಚಲಿನದು, ಇನ್ನೊಬ್ಬನದು ಹತ್ತರದು. ದೇವರು ಜಿಪುಣನಲ್ಲ. ಮಾರ್ಕ 2ರಲ್ಲಿ ಶಿಷ್ಯರು ಹೊಲದಲ್ಲಿ ನಡೀತಾ ತೆನೆ ಕಿತ್ತಾಗ ಫರಿಸಾಯರು ತಕರಾರು ತೆಗೆದದ್ದು ಸಬ್ಬತ್ ದಿನದ ಬಗ್ಗೆ. ಕಳ್ಳರು ಅಂತ ಯಾರೂ ಅನ್ನಲಿಲ್ಲ. ಕೈಯಿಂದ ಕಿತ್ತು ತಿನ್ನೋದು ಅವರ ಹಕ್ಕಾಗಿತ್ತು.

ಹಾಗಾಗಿ ಬಫೆಯಲ್ಲಿ ಮೂರನೇ ದೋಸೆ ಹಾಕಿಸಿಕೊಳ್ಳೋಕೆ ಸಂಕೋಚ ಬೇಡ. ನಾಲ್ಕು ಸಲ ಕಾಫಿ ಕುಡೀರಿ. ಕೃತಜ್ಞತೆಯಿಂದ ತಿನ್ನಿ. ಹೋಟೆಲ್‌ನವರು ಅದಕ್ಕೇ ಕರೆದಿರೋದು.

ಆಮೇಲೆ ಗಡಿ ಬರುತ್ತೆ. ಎಷ್ಟು ತಿಂದೆ ಅನ್ನೋದು ಗಡಿ ಅಲ್ಲ. ತಿನ್ನೋದು ಎಲ್ಲಿ ನಿಂತು ಕೂಡಿಡೋದು ಎಲ್ಲಿ ಶುರುವಾಯ್ತು ಅನ್ನೋದೇ ಗಡಿ. ಪಾತ್ರೆ ತಂದವನು ಅತಿಥಿಯಾಗಿ ಬಂದಿಲ್ಲ, ಕೊಯ್ಲಿಗೆ ಬಂದಿದ್ದಾನೆ.

ಇದು ನಮಗೆ ಹೊಸದಲ್ಲ. ನಮ್ಮ ಊರಿನ ಮೀಲ್ಸ್ ಹೋಟೆಲ್ ನೆನಪು ಮಾಡಿಕೊಳ್ಳಿ. ಫುಲ್ ಮೀಲ್ಸ್ ತಗೊಂಡು ಕೂತ್ರೆ ಅನ್ನ, ಸಾರು, ಪಲ್ಯ ಕೇಳಿದಷ್ಟು ಬಡಿಸ್ತಾರೆ. ಅದೇ ಮೀಲ್ಸ್ ಪಾರ್ಸೆಲ್ ಅಂದ್ರೆ ಅಳತೆಯ ಡಬ್ಬಿ. ಯಾರೂ ಜಗಳ ಮಾಡಲ್ಲ. ಕೂತವನ ಹೊಟ್ಟೆಗೆ ಒಂದು ಮಿತಿ ಇದೆ, ಡಬ್ಬಿಗಳಿಗೆ ಮಿತಿ ಇಲ್ಲ ಅಂತ ನಮಗೆ ಗೊತ್ತು. ಮೀಲ್ಸ್ ಹೋಟೆಲ್‌ನಲ್ಲಿ ಅರ್ಥವಾಗೋದು ಸ್ಟಾರ್ ಹೋಟೆಲ್‌ಗೆ ಹೋದ ಕೂಡಲೇ ಯಾಕೆ ಮರೆತು ಹೋಗುತ್ತೆ?

ಈಗ ನೀವು ಹೇಳೋ ಕಾರಣಗಳನ್ನ ಒಂದೊಂದಾಗಿ ನೋಡೋಣ.

ಮೊದಲನೇದು: ದುಡ್ಡು ಕೊಟ್ಟಿದ್ದೀನಿ.

ಸರಿ, ಯಾವುದಕ್ಕೆ ಕೊಟ್ಟಿದ್ದೀರಿ? ರೂಮ್ ಬುಕ್ ಮಾಡುವಾಗ ಇಪಿ, ಸಿಪಿ, ಎಂಎಪಿ, ಎಪಿ ಅಂತ ಪ್ಲಾನ್ ನೋಡಿರ್ತೀರಿ. ಇಪಿ ಅಂದ್ರೆ ಬರೀ ರೂಮ್. ಸಿಪಿ ಅಂದ್ರೆ ರೂಮ್ ಜೊತೆ ತಿಂಡಿ. ಎಂಎಪಿ ಅಂದ್ರೆ ತಿಂಡಿ ಮತ್ತು ಇನ್ನೊಂದು ಊಟ. ಎಪಿ ಅಂದ್ರೆ ಮೂರು ಹೊತ್ತೂ. ಪ್ರತಿಯೊಂದಕ್ಕೂ ಬೇರೆ ಬೇರೆ ರೇಟ್. ಸಿಪಿಗೆ ದುಡ್ಡು ಕೊಟ್ಟು ಮಧ್ಯಾಹ್ನದ ಊಟವನ್ನೂ ಬಫೆಯಿಂದಲೇ ಹೊರಡಿಸಿದ್ರೆ, ಮಾರಾಟಕ್ಕಿರೋ ಊಟವನ್ನ ದುಡ್ಡಿಲ್ಲದೆ ತಗೊಂಡ ಹಾಗೆ. ಆಫೀಸ್ ಟ್ರಿಪ್‌ಗೆ ಹೋದವರು ಇನ್ನೂ ಒಂದು ಹೆಜ್ಜೆ ಯೋಚನೆ ಮಾಡಿ. ಕಂಪನಿ ದಿನದ ಊಟಕ್ಕೆ ಅಲೋಯನ್ಸ್ ಕೊಡುತ್ತೆ. ಮಧ್ಯಾಹ್ನ ಬ್ಯಾಗಿನಿಂದ ಮೊಟ್ಟೆ ತೆಗೆದು ತಿಂದು ಆ ಅಲೋಯನ್ಸ್ ಉಳಿಸ್ತೀವಿ. ಅದನ್ನ ಉಳಿತಾಯ ಅಂತೀವಿ. ಉಳಿಸಿದ್ದು ಯಾರ ಖರ್ಚಿನಲ್ಲಿ?

ಎರಡನೇದು: ಹೇಗೂ ಬಿಸಾಕ್ತಾರೆ.

ಇದು ಸ್ವಲ್ಪ ಗಟ್ಟಿ ವಾದ. ಯೋಹಾನ 6ನೇ ಅಧ್ಯಾಯವನ್ನೂ ಜೊತೆಗೆ ತರ್ತಾರೆ: ಯೇಸು ಸ್ವಾಮಿಯೇ ಉಳಿದ ತುಂಡುಗಳನ್ನ ಕೂಡಿಸಿ ಅಂದ್ರಲ್ಲ, ಹನ್ನೆರಡು ಪುಟ್ಟಿ ತುಂಬಿತಲ್ಲ! ನಿಜ. ಆದರೆ ಅಲ್ಲಿ ಕೂಡಿಸಿ ಅಂತ ಹೇಳಿದ್ದು ಯಾರು? ಊಟ ಬಡಿಸಿದವರೇ. ಯಾವಾಗ? ಎಲ್ಲರೂ ತೃಪ್ತಿಯಾದ ಮೇಲೆ. ಹೇಗೆ? ಎಲ್ಲರ ಮುಂದೆ. ನಾವು ಬೆಳಗ್ಗೆ ಎಂಟು ಗಂಟೆಗೆ, ಬಡಿಸಿದವರನ್ನ ಕೇಳದೆ, ಟಿಶ್ಯೂ ಒಳಗೆ ಸುತ್ತಿಕೊಂಡು, ಅದನ್ನ ಹನ್ನೆರಡು ಪುಟ್ಟಿಯ ಲೆಕ್ಕಕ್ಕೆ ಸೇರಿಸಬಾರದು. ಎಂಟು ಗಂಟೆಗೆ ಹತ್ತೂವರೆಯಲ್ಲಿ ಏನು ಉಳಿಯುತ್ತೆ ಅಂತ ಯಾರಿಗೆ ಗೊತ್ತು? ಆಮೇಲೆ ಮಕ್ಕಳನ್ನ ಕರ್ಕೊಂಡು ಬಂದ ಕುಟುಂಬಕ್ಕೆ ಮಫಿನ್ ಟ್ರೇ ಖಾಲಿ ಕಂಡರೆ, ಬೈಗುಳ ತಿನ್ನೋದು ಅಲ್ಲಿ ನಿಂತಿರೋ ಸ್ಟೀವರ್ಡ್ ಹುಡುಗ. ಅವನೂ ನಿಮ್ಮ ವಯಸ್ಸಿನವನೇ.

ಟ್ರೇಯಲ್ಲಿ ಉಳಿದದ್ದೆಲ್ಲ ಕಸ ಅಂತಲೂ ಅಲ್ಲ. ಉಳಿದ ಆಹಾರವನ್ನ ಸುರಕ್ಷಿತವಾಗಿ ಸಂಗ್ರಹಿಸಿ ಬೇಕಾದವರಿಗೆ ಹಂಚೋಕೆ ಎಫ್‌ಎಸ್‌ಎಸ್‌ಎಐ 2019ರಲ್ಲೇ ನಿಯಮ ತಂದಿದೆ. ಎಲ್ಲಾ ಹೋಟೆಲ್‌ನವರೂ ಹಾಗೆ ಹಂಚ್ತಾರೆ ಅಂತ ನಾನು ಹೇಳ್ತಿಲ್ಲ. ಆದರೆ ಅದು ಏನಾಗಬೇಕು ಅಂತ ತೀರ್ಮಾನ ಮಾಡೋ ಅಧಿಕಾರ ನಮ್ಮ ಬ್ಯಾಗಿಗಿಲ್ಲ.

ಮೂರನೇದು: ಎಲ್ಲರೂ ಮಾಡ್ತಾರೆ.

2019ರ ಜುಲೈ ತಿಂಗಳಲ್ಲಿ ಸ್ವಿಟ್ಜರ್ಲೆಂಡಿನ ಗ್ಸ್ಟಾಡ್ ಅನ್ನೋ ಊರಿನ ಒಂದು ಹೋಟೆಲ್‌ನ ನೋಟಿಸ್ ನಮ್ಮ ದೇಶದಲ್ಲೆಲ್ಲ ಹರಿದಾಡಿತು. ಉದ್ಯಮಿ ಹರ್ಷ್ ಗೋಯೆಂಕಾ ಅದರ ಫೋಟೋ ಹಾಕಿದ್ದರು. ಭಾರತದಿಂದ ಬಂದ ಅತಿಥಿಗಳೇ ಅಂತ ಶುರುವಾಗಿ, ಬಫೆಯಿಂದ ಏನನ್ನೂ ಹೊರಗೆ ಒಯ್ಯಬೇಡಿ, ಬೇಕಾದ್ರೆ ಊಟದ ಪೊಟ್ಟಣ ಆರ್ಡರ್ ಮಾಡಿ ದುಡ್ಡು ಕೊಡಿ ಅಂತ ಇತ್ತು. ಓದಿದವರಿಗೆ ಸಿಟ್ಟು ಬಂತು. ಬರಬೇಕಾದ್ದೇ. ಮೊಟ್ಟೆ ಬ್ಯಾಗಿಗೆ ಹಾಕೋರು ಎಲ್ಲಾ ದೇಶದಲ್ಲೂ ಇದ್ದಾರೆ. ಒಂದು ದೇಶದ ಹೆಸರು ಹಿಡಿದು ಗೋಡೆಗೆ ಅಂಟಿಸೋದು ಅವಮಾನವೇ. ಆದರೆ ಸಿಟ್ಟು ಇಳಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತೆ. ಆ ನೋಟಿಸ್ ಬರೆಯೋ ಮೊದಲು ಅಲ್ಲಿ ಉಳಿದು ಹೋದವರು ಯಾರೋ ಇದ್ದಿರಬೇಕಲ್ಲ? ಎಲ್ಲರೂ ಮಾಡ್ತಾರೆ ಅಂತ ಮಾಡಿದವರ ಬಿಲ್ಲನ್ನ, ಮಾಡದೇ ಇದ್ದವರು ಮುಖ ತಗ್ಗಿಸಿ ಕಟ್ಟಬೇಕಾಯ್ತು. ನಮ್ಮ ಹೆಸರಿನ ಜೊತೆ ನಮ್ಮ ಊರು, ನಮ್ಮ ಭಾಷೆ, ನಮ್ಮ ಸಭೆ ಎಲ್ಲಾ ಅಂಟಿಕೊಂಡಿರುತ್ತೆ. ಕುತ್ತಿಗೆಯಲ್ಲಿ ಶಿಲುಬೆ ಹಾಕಿ ಊಟಕ್ಕೆ ಮುಂಚೆ ಕಣ್ಣುಮುಚ್ಚಿ ಪ್ರಾರ್ಥನೆ ಮಾಡಿದವರನ್ನ ಆ ಸ್ಟೀವರ್ಡ್ ನೋಡಿರ್ತಾನೆ. ಆಮೇಲೆ ಬ್ಯಾಗ್ ಜಿಪ್ ಎಳೆದದ್ದನ್ನೂ ನೋಡಿರ್ತಾನೆ.

ಇನ್ನೊಂದು ಕಡೆಯಿಂದಲೂ ನೋಡೋಣ. ಬ್ಯಾಗನ್ನ ಬೈಯೋದು ಸುಲಭ. ತಟ್ಟೆಯನ್ನ ಯಾರೂ ಬೈಯಲ್ಲ. ಒಬ್ಬ ಒಂದು ಬಾಳೆಹಣ್ಣು ಜೇಬಿಗೆ ಹಾಕ್ಕೊಂಡ. ಇನ್ನೊಬ್ಬ ಇಡ್ಲಿ, ಪೂರಿ, ಪಾಸ್ತಾ, ಕೇಕ್ ಎಲ್ಲಾ ಗುಡ್ಡೆ ಹಾಕ್ಕೊಂಡು, ಫೋಟೋ ತೆಗೆದು, ಅರ್ಧ ಬಿಟ್ಟು ಎದ್ದು ಹೋದ. ಹೆಚ್ಚು ಹಾಳು ಮಾಡಿದ್ದು ಯಾರು? ಟ್ರೇಯಲ್ಲಿರೋದನ್ನ ಇನ್ನೊಬ್ಬರಿಗೆ ಕೊಡಬಹುದು, ಎಂಜಲು ತಟ್ಟೆಯದನ್ನ ಕೊಡೋಕಾಗಲ್ಲ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2024ರಲ್ಲಿ ಕೊಟ್ಟ ವರದಿ ಪ್ರಕಾರ 2022ರಲ್ಲಿ ಲೋಕದಲ್ಲಿ ಹಾಳಾದ ಆಹಾರ ಸುಮಾರು 105 ಕೋಟಿ ಟನ್. ಅದರಲ್ಲಿ ಶೇ. 60 ಮನೆಗಳಲ್ಲಿ, ಶೇ. 28 ಹೋಟೆಲ್, ಕ್ಯಾಂಟೀನ್‌ನಂಥ ಕಡೆ. ಹಾಗಾಗಿ ನಾನು ಬ್ಯಾಗಿಗೆ ಏನೂ ಹಾಕಿಲ್ಲ ಅಂತ ಎದೆ ತಟ್ಟಿಕೊಳ್ಳೋ ಮೊದಲು ತಟ್ಟೆಯಲ್ಲಿ ಏನು ಬಿಟ್ಟೆ ಅಂತ ನೋಡಿ. ಎರಡೂ ಒಂದೇ ಬೇರಿನಿಂದ ಬರುತ್ತೆ: ಕೊಟ್ಟ ದುಡ್ಡು ವಸೂಲಾಗಬೇಕು.

ವಿಮೋಚನಕಾಂಡ 16ರಲ್ಲಿ ಮನ್ನಾ ಬಿದ್ದಾಗಲೂ ಹೀಗೇ ಆಯ್ತು. ತಲೆಗೆ ಒಂದು ಓಮೆರ್, ಬೆಳಗಿನವರೆಗೆ ಇಟ್ಟುಕೊಳ್ಳಬೇಡಿ ಅಂತ ಮಾತು. ಕೆಲವರು ಇಟ್ಟರು, ಹುಳ ಬಿತ್ತು, ನಾತ ಬಂತು. ಇಟ್ಟದ್ದು ಹಸಿವಿಗಲ್ಲ, ನಾಳೆಯ ಭಯಕ್ಕೆ. ನಮ್ಮ ಬ್ಯಾಗಿನ ಬೇಯಿಸಿದ ಮೊಟ್ಟೆ ಕಥೆಯೂ ಅಷ್ಟೇ. 5ರಿಂದ 60 ಡಿಗ್ರಿ ಒಳಗಿನ ಬಿಸಿಯಲ್ಲಿ ರೋಗಾಣು ಬೇಗ ಬೆಳೆಯುತ್ತೆ ಅಂತ ಅಡುಗೆಮನೆಯವರಿಗೆಲ್ಲ ಕಲಿಸಿರ್ತಾರೆ. ಬಸ್ಸಿನಲ್ಲಿ ನಾಲ್ಕು ಗಂಟೆ ಬ್ಯಾಗಲ್ಲಿದ್ದ ಮೊಟ್ಟೆ ತಿಂದು ಹೊಟ್ಟೆ ಕೆಟ್ಟರೆ ಹೆಸರು ಕೆಡೋದು ಹೋಟೆಲ್‌ನದು.

ಈಗ ಬಹಳ ಮುಖ್ಯವಾದ ಮಾತು. ದಯವಿಟ್ಟು ಗಮನ ಕೊಡಿ.

ನಮ್ಮಲ್ಲಿ ಎಷ್ಟೋ ಜನ ಈಗೀಗ ಅಪ್ಪ ಅಮ್ಮನನ್ನ ಟ್ರಿಪ್‌ಗೆ ಕರ್ಕೊಂಡು ಹೋಗ್ತಿದ್ದೀರಿ. ಮೈಸೂರು, ಮಡಿಕೇರಿ, ಊಟಿ. ಒಳ್ಳೇದು, ದೇವರು ಆಶೀರ್ವದಿಸಲಿ. ಅಮ್ಮ ಬಫೆ ನೋಡ್ತಾರೆ. ಎರಡು ವಡೆ ಟಿಶ್ಯೂನಲ್ಲಿ ಸುತ್ತಿ ಪರ್ಸಿಗೆ ಹಾಕ್ತಾರೆ, ದಾರಿಯಲ್ಲಿ ನಿನಗೇ ಹಸಿವಾದ್ರೆ ಅಂತ. ನೀವು ಎಲ್ಲರ ಮುಂದೆ ಇಂಗ್ಲಿಷಲ್ಲಿ ಹಲ್ಲು ಕಚ್ಚಿ ಅವರ ಮೇಲೆ ರೇಗ್ತೀರಿ. ಹೇಳಿ, ಆ ಟೇಬಲ್ಲಿನಲ್ಲಿ ದೊಡ್ಡ ತಪ್ಪು ಯಾವುದು? ಆ ಕೈ ಎಷ್ಟೋ ವರ್ಷ ತಾನು ತಿನ್ನದೆ ನಮಗೆ ಬುತ್ತಿ ಕಟ್ಟಿದ ಕೈ. ಕೊರತೆಯ ದಿನಗಳನ್ನ ಕಂಡ ಕೈಗೆ ಅನ್ನ ಬಿಟ್ಟು ಬರೋಕೆ ಆಗಲ್ಲ. ಅವರನ್ನ ನಾಚಿಸಬೇಡಿ. ಅಮ್ಮಾ, ದಾರಿಯಲ್ಲಿ ನಾನು ಬಿಸಿಬಿಸಿ ಕೊಡಿಸ್ತೀನಿ ಅಂತ ಮೆಲ್ಲಗೆ ಹೇಳಿ. ಹೇಳಿದ ಮೇಲೆ ನಿಜವಾಗಲೂ ಕೊಡಿಸಿ.

ಹಾಗಾದ್ರೆ ಊಟ ಕಟ್ಟಿಕೊಂಡು ಹೋಗೋದೇ ಪಾಪವಾ? ಇಲ್ಲ. ರೂತಳನ್ನ ನೋಡಿ. ಬೋವಜನು ಹುರಿದ ತೆನೆಕಾಳು ಕೊಟ್ಟ. ಅವಳು ತಿಂದು ತೃಪ್ತಿಯಾಗಿ ಉಳಿಸಿದಳು. ಸಂಜೆ ಅದನ್ನ ಮನೆಗೆ ತಂದು ಅತ್ತೆ ನೊವೊಮಿಗೆ ಕೊಟ್ಟಳು. ಕರೆದು ಕೊಟ್ಟವನ ಕೈಯಿಂದ ಬಂದದ್ದು, ತನ್ನ ಪಾಲಿನಲ್ಲಿ ಉಳಿದದ್ದು, ಹಸಿದ ಇನ್ನೊಬ್ಬಳಿಗೆ ಹೋದದ್ದು. ಬಚ್ಚಿಡೋ ಅಂಥದ್ದು ಅದರಲ್ಲಿ ಏನೂ ಇರಲಿಲ್ಲ. ಹಕ್ಕಲಾಯೋಕೂ ಅವಳು ಮೊದಲು ಕೇಳಿಯೇ ಹೊಲಕ್ಕೆ ಇಳಿದವಳು.

ಕೇಳೋದು! ನಮಗೆ ಕಷ್ಟ ಅದೇ. ಬಚ್ಚಿಡೋಕೆ ಧೈರ್ಯ ಇದೆ, ಬಾಯಿಬಿಟ್ಟು ಕೇಳೋಕೆ ನಾಚಿಕೆ. ಬೆಳಗ್ಗೆ ಐದಕ್ಕೆ ಟ್ಯಾಕ್ಸಿ ಇದ್ದರೆ ಹಿಂದಿನ ರಾತ್ರಿಯೇ ರಿಸೆಪ್ಷನ್‌ನಲ್ಲಿ ಹೇಳಿ, ತಿಂಡಿ ಪ್ಯಾಕ್ ಮಾಡಿ ಕೊಡೋ ಹೋಟೆಲ್‌ಗಳು ಬೇಕಾದಷ್ಟಿವೆ. ರೂಮಿನಲ್ಲಿ ಹುಷಾರಿಲ್ಲದವರಿದ್ದರೆ, ಶುಗರ್ ಇರೋ ತಂದೆಗೆ ಹನ್ನೊಂದಕ್ಕೆ ಏನಾದ್ರೂ ಬೇಕಿದ್ದರೆ, ಮಗು ಏನೂ ತಿನ್ನದೆ ಮಲಗಿದ್ದರೆ, ಸ್ಟೀವರ್ಡನ್ನ ಕರೆದು ಕೇಳಿ: ಬ್ರದರ್, ಒಂದು ಬಾಳೆಹಣ್ಣು ತಗೊಂಡು ಹೋಗ್ಲಾ? ಹೂಂ ಅಂದ್ರೆ ಅದು ಅತಿಥಿಗೆ ಸಿಕ್ಕ ಉಡುಗೊರೆ. ಇಲ್ಲ ಅಂದ್ರೆ ಹೊರಗಡೆ ಅಂಗಡಿ ಇದೆ. ಒಂದೇ ಹಣ್ಣು ಗುಟ್ಟಾಗಿ ತಗೊಂಡವನ ಮನಸ್ಸು ಲಿಫ್ಟ್ ತನಕ ಹೊಡ್ಕೊಳ್ತಾ ಇರುತ್ತೆ. ಕೇಳಿ ತಗೊಂಡವನು ಕೈ ಬೀಸಿಕೊಂಡು ನಡೀತಾನೆ.

ಆದ್ದರಿಂದ ಚೀಟಿ ಬರೆದವರಿಗೆ ನನ್ನ ಉತ್ತರ ಇದು. ಕೊನೆಯ ತುತ್ತು ಬಾಯಲ್ಲಿ, ಒಂದು ಹಣ್ಣು ಕೈಯಲ್ಲಿ ಹಿಡಿದು ಎದ್ದು ಬಂದವರನ್ನ ನಾನು ಕಳ್ಳರು ಅನ್ನಲ್ಲ, ಧರ್ಮಶಾಸ್ತ್ರವೇ ಕೈಯನ್ನ ಬಿಟ್ಟಿದೆ. ಕೇಳದೆ ಮಧ್ಯಾಹ್ನದ ಊಟಕ್ಕೆ ಬ್ಯಾಗ್ ತುಂಬಿದ್ರೆ ಅದು ಕುಡುಗೋಲು, ಅದಕ್ಕೆ ಬೇರೆ ಹೆಸರು ಹುಡುಕಬೇಡಿ. ಗಡಿ ಎಲ್ಲಿ ಅಂತ ಗೊತ್ತಾಗದಿದ್ದಾಗ ಒಂದೇ ಪರೀಕ್ಷೆ ಸಾಕು: ಸ್ಟೀವರ್ಡ್ ನನ್ನ ಕಡೆ ತಿರುಗಿದ್ರೆ ನನ್ನ ಕೈ ನಿಲ್ಲುತ್ತಾ? ನಿಲ್ಲೋದಾದ್ರೆ ಉತ್ತರ ನಿಮ್ಮ ಕೈಗೇ ಗೊತ್ತಿದೆ.

ತಲೆ ಬಾಗಿಸೋಣ. ತಂದೆಯೇ, ಹೊಟ್ಟೆ ತುಂಬ ಉಣಿಸುವ ದೇವರು ನೀನು. ನಾಳೆಯ ಭಯವನ್ನ ನಮ್ಮ ಬ್ಯಾಗಿನಿಂದ ತೆಗೆದುಹಾಕು. ಕೇಳುವ ಬಾಯಿ ಕೊಡು, ಬಡಿಸುವವರನ್ನ ಕಾಣುವ ಕಣ್ಣು ಕೊಡು, ನಮ್ಮ ತಂದೆತಾಯಿಗಳ ಜೊತೆ ಮೃದುವಾಗಿ ಮಾತಾಡುವ ನಾಲಿಗೆ ಕೊಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ. ಆಮೆನ್.